ಅಪ್ಪನ ಮೇಲೆ ಮುನಿದವರು

ನಮ್ಮತ್ತೆ ಪುಟ್ಟಮಾದಮ್ಮನವರು ದೇವರಿಗೆ ಕೈ ಮುಗಿದದ್ದನ್ನು ನಾನು ಕಂಡದ್ದು ಕಡಿಮೆ. ಬೈದದ್ದನ್ನೇ ಹೆಚ್ಚು ಕಂಡಿದ್ದೇನೆ. ಹಸಿ ಸೌದೆಯಿಂದ ಹೊಗೆ ಎದ್ದರೆ ಸಾಕು, ಊದುಗೊಳವೆಯನ್ನು ಕೆಳಗಿಟ್ಟು, ಅಡುಗೆ ಮನೆಯ ಗೂಡಿನಲ್ಲಿದ್ದ, ಹುಲಿಯ ಮೇಲೆ ಕೂತ ಮಾದಪ್ಪನ ಪಟದ ಕಡೆ ತಿರುಗಿ ಶುರು ಮಾಡುತ್ತಿದ್ದರು.

"ನೋಡ್ತಾ ಕೂತ್ಕೊ. ಮಗ್ಳು ಒಗೇಲಿ ಕಣ್ಣು ಕಳ್ಕೊತಾವ್ಳೆ, ನೀನು ಉಲಿ ಮ್ಯಾಲೆ ಕೂತ್ಕೊಂಡು ನಗ್ತಾ ಇರು."

ಮಳೆ ಬಾರದಿದ್ದರೆ, ಕಾಡುಹಂದಿ ಬಂದು ಹಿತ್ತಲಿನ ಗೆಣಸನ್ನು ಕೆದರಿ ಹೋದರೆ, ಗುಂಡ್ಲುಪೇಟೆ ಬಸ್ಸು ತಪ್ಪಿದರೆ, ಎಲ್ಲಕ್ಕೂ ಅವನೇ ಹೊಣೆ. ಒಳ್ಳೆಯದಾದಾಗಲೂ ಹೊಗಳುತ್ತಿರಲಿಲ್ಲ. "ಸದ್ಯ, ಮಗ್ಳೊಬ್ಳು ಅವ್ಳೆ ಅನ್ನೋ ಗ್ಯಾನ ಬಂತಲ್ಲ ನಿಂಗೆ" ಎನ್ನುತ್ತಿದ್ದರು. ಅದೇ ಅವರ ಪೂಜೆ.

ಮದುವೆಯಾಗಿ ಉಡಿಗಾಲದಿಂದ ಆ ಮನೆಗೆ ಬಂದ ಮರುದಿನ ಬೆಳಿಗ್ಗೆ ನಾನು ಮೋಸ ಹೋದೆ. ಅಡುಗೆ ಮನೆಯಲ್ಲಿ ಅತ್ತೆ ಯಾರಿಗೋ, "ಸೊಸೆ ಬಂದವ್ಳೆ, ಸ್ವಲ್ಪ ಮರ್ವಾದಿಯಿಂದ ಇರಪ್ಪ" ಎನ್ನುತ್ತಿದ್ದುದು ಕೇಳಿಸಿತು. ಅವರ ತಂದೆ ಇನ್ನೂ ಇದ್ದಾರೆ, ಮದುವೆಯ ಗಲಾಟೆಯಲ್ಲಿ ಯಾರೂ ನನಗೆ ತೋರಿಸಿಲ್ಲ ಎಂದುಕೊಂಡು, ಸೆರಗು ಹೊದ್ದು, ಕಾಲಿಗೆ ಬೀಳಲು ಸಿದ್ಧಳಾಗಿ ಒಳಗೆ ಹೋದೆ. ಅಲ್ಲಿ ಅತ್ತೆಯನ್ನು ಬಿಟ್ಟರೆ ಒಲೆ, ಕೊಡ, ಪಟ. ಬಾಗಿಲಿಗೆ ಒರಗಿ ನಿಂತಿದ್ದ ನನ್ನ ಗಂಡ ಸಿದ್ದರಾಜು ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಮ್ಮ ತಾತ ಕಣಮ್ಮಿ. ಬೆಟ್ದಲ್ಲೂ ಅವ್ನೆ, ಅಡ್ಗೆ ಮನೇಲೂ ಅವ್ನೆ. ಬೀಳು, ಕಾಲಿಗೆ ಬೀಳು."

"ನಗ್ಬ್ಯಾಡ ಕಣ್ಲಾ," ಅಂದರು ಅತ್ತೆ. "ನಿಂಗೆ ಅಪ್ಪ ಇದ್ದ. ನಂಗೆ ಇವ್ನೇಯ."

ಅದು ತಮಾಷೆಯ ಮಾತಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಕಾಲ ಬೇಕಾಯಿತು. ಅತ್ತೆ ತಾಯಿಯ ಹೊಟ್ಟೆಯಲ್ಲಿರುವಾಗಲೇ ಅವರ ತಂದೆ ತೀರಿಕೊಂಡಿದ್ದರಂತೆ. ಬೆಳೆದದ್ದು ಸೋದರಮಾವನ ಮನೆಯಲ್ಲಿ. ಅಲ್ಲಿ ಹೊಡೆಯುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ. ಆದರೆ ಮಾವ ಸಂತೆಯಿಂದ ಬಂದಾಗ ಅವರ ಮಕ್ಕಳು ಓಡಿಹೋಗಿ ಕಾಲಿಗೆ ತೆಕ್ಕೆ ಬೀಳುತ್ತಿದ್ದರೆ ಇವರು ಕಂಬದ ಹತ್ತಿರ ನಿಂತು ನೋಡಬೇಕಾಗಿತ್ತು. ಒಂದು ಸೋಮವಾರ ಬೆಟ್ಟದ ಕಡೆಯ, ಮಾದಪ್ಪನ ಪದ ಹಾಡುವ ದೇವರ ಗುಡ್ಡರೊಬ್ಬರು ಜೋಳಿಗೆ ಹಾಕಿಕೊಂಡು, ಕಂಸಾಳೆ ಬಡಿಯುತ್ತಾ ಭಿಕ್ಷೆಗೆ ಬಂದರು. ರಾಗಿ ಹಾಕಲು ಹೋದ ಹುಡುಗಿಯನ್ನು "ಯಾರ ಮಗ್ಳವ್ವ ನೀನು?" ಎಂದು ಕೇಳಿದರು. ಇವರು ಬಾಯಿ ಬಿಡುವ ಮೊದಲೇ ಒಳಗಿನಿಂದ ಯಾರೋ, "ಅಪ್ಪ ಇಲ್ದ ಕೂಸು ಸ್ವಾಮಿ" ಎಂದರು.

"ಆ ಗುಡ್ಡಪ್ಪ ನಕ್ಬುಟ್ರು ಕಣಮ್ಮಿ," ಎಂದು ಅತ್ತೆ ನನಗೆ ಹೇಳುತ್ತಿದ್ದರು. "ಅಪ್ಪ ಯಾಕವ್ವ ಇಲ್ಲ, ಬೆಟ್ಟದ ಮ್ಯಾಲೆ ಕೂತವ್ನಲ್ಲ, ಓಗಿ ಕೇಳು, ನನ್ ಮಗ್ಳೇ ಅಂತಾನೆ ಅಂದ್ರು. ಅಣೆಗೆ ಇಬೂತಿ ಇಟ್ರು. ಅವತ್ತಿಂದ ನಾನು ಯಾರೂ ಇಲ್ದೋಳಲ್ಲ."

ಗುಡ್ಡರು ಸಮಾಧಾನಕ್ಕೆ ಹೇಳಿದ್ದಿರಬಹುದು. ಹುಡುಗಿ ಅದನ್ನು ಹಾಗೆಯೇ ತೆಗೆದುಕೊಂಡಳು, ಮುದುಕಿಯಾಗುವವರೆಗೂ ಬಿಡಲಿಲ್ಲ.

ಅತ್ತೆ ಸಣ್ಣ ಆಳು. ನಡಿಗೆ ಬಲು ಬಿರುಸು. ಬಾಯಲ್ಲಿ ಎಲೆ ಅಡಿಕೆ ಇಲ್ಲದ ಹೊತ್ತು ಕಡಿಮೆ. ವರ್ಷದ ಬಹುಪಾಲು ಕೂಲಿ ಹೋಗಿ ಚೆಂಡುಹೂವು ಕೀಳುತ್ತಿದ್ದುದರಿಂದ ಬೆರಳ ತುದಿಗಳು ಯಾವಾಗಲೂ ಹಳದಿ ಮಿಶ್ರಿತ ಕಪ್ಪು. ಎಷ್ಟು ಉಜ್ಜಿದರೂ ಆ ಹೂವಿನ ಒಗರು ವಾಸನೆ ಅವರ ಸೀರೆಯಿಂದ ಹೋಗುತ್ತಿರಲಿಲ್ಲ. ಸೋಮವಾರ ಮಾತ್ರ ಕೂಲಿಗೆ ತಡವಾಗಿ ಹೋಗುತ್ತಿದ್ದರು. ಅವತ್ತು ಸ್ನಾನ ಮಾಡಿ, ಹೊಸ ಅಕ್ಕಿ ಅನ್ನಕ್ಕೆ ಹಾಲು ಬೆಲ್ಲ ಹಾಕಿ, ಬಾಳೆ ಎಲೆಯ ತುಂಡಿನ ಮೇಲೆ ಪಟದ ಮುಂದೆ ಎಡೆ ಇಡುತ್ತಿದ್ದರು. ಇಟ್ಟು ಎದ್ದು ಹೋಗುವ ಪದ್ಧತಿ ಅವರದಲ್ಲ. ಅಪ್ಪ ಉಣ್ಣುವಾಗ ಮಗಳು ಹತ್ತಿರ ಕೂರುವಂತೆ ಕೂತು, ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದರು. ಯಾರ ಮನೆಯ ಹಸು ಈದಿತು, ಯಾರ ಮಗಳು ಗಂಡನ ಮನೆಯಿಂದ ಬಂದು ಕೂತಿದ್ದಾಳೆ, ಆನೆ ಯಾರ ಬಾಳೆ ತುಳಿಯಿತು. ನಡುವೆ ನಾನೇನಾದರೂ ಕರೆದರೆ, "ಇರಮ್ಮಿ, ಇನ್ನೂ ಉಣ್ತಾವ್ನೆ" ಎನ್ನುತ್ತಿದ್ದರು.

ವರ್ಷಕ್ಕೊಮ್ಮೆ ಅವರು ಮಾದಪ್ಪನ ಬೆಟ್ಟಕ್ಕೆ ಹೋಗುತ್ತಿದ್ದುದು ತವರಿಗೆ ಹೋಗುವ ಸಡಗರದಲ್ಲಿ. ಒಮ್ಮೆ ನಾನೂ ಜೊತೆಗಿದ್ದೆ. ಕಂಡಕ್ಟರ್ ಎಲ್ಲಿಗೆ ಎಂದು ಕೇಳಿದರೆ, "ನಮ್ಮಪ್ಪನ ಮನೆಗೆ" ಅಂದರು.

"ನಿಮ್ಮಪ್ಪನ ಮನೆ ಯಾವ ಸ್ಟಾಪವ್ವ?"

"ಬೆಟ್ಟ ಕಣಪ್ಪ. ಇನ್ನೆಲ್ಲಿ?"

ಕಂಡಕ್ಟರ್ ನಗಲಿಲ್ಲ. "ಓಗ್ಬಾ ತಾಯಿ, ನಂದೂ ಒಂದು ಮಾತು ಏಳು" ಎಂದು ಟಿಕೆಟ್ ಹರಿದುಕೊಟ್ಟು ಮುಂದೆ ಹೋದ.

ನಮಗೆ ಮಕ್ಕಳಾಗಲಿಲ್ಲ. ಅದಕ್ಕೂ ಅವನೇ ಬೈಸಿಕೊಂಡ. ನನ್ನನ್ನು ಒಂದು ದಿನವೂ ಅನ್ನಲಿಲ್ಲ. ಊರಿನವರು ಯಾರಾದರೂ ಹೊಟ್ಟೆ ನೋಡಿ ಮಾತಾಡಿದರೆ, "ನಮ್ಮಪ್ಪಂಗೂ ನಂಗೂ ಅದ್ರ ಮ್ಯಾಲೆ ಜಗ್ಳ ನಡೀತಾ ಅದೆ, ನೀ ಮಧ್ಯ ಬರ್ಬ್ಯಾಡ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಸಿದ್ದರಾಜು ಗೂಡ್ಸ್ ಗಾಡಿ ಓಡಿಸುತ್ತಿದ್ದರು. ಗುಂಡ್ಲುಪೇಟೆ ಮಂಡಿಯಿಂದ ತರಕಾರಿ ತುಂಬಿಕೊಂಡು, ರಾತ್ರಿ ಕಾಡಿನ ಗೇಟು ಹಾಕುವುದರೊಳಗೆ ಮದ್ದೂರು ಚೆಕ್‌ಪೋಸ್ಟ್ ದಾಟಿ ಕೇರಳಕ್ಕೆ ಹೋಗುವ ಕೆಲಸ. ನೀರು ಕುಡಿಯಲೂ ಗಾಡಿ ನಿಲ್ಲಿಸುತ್ತಿರಲಿಲ್ಲ. ಒಂದು ಬೇಸಿಗೆಯಲ್ಲಿ ಕಾಲು ಊದಿಕೊಂಡವು. ಚಪ್ಪಲಿ ಹಿಡಿಸದಾಯಿತು. ಕೂತು ಕೂತು ಹೀಗಾಗಿದೆ ಎಂದು ನಾವೆಲ್ಲ ಅಂದುಕೊಂಡೆವು. ಆಮೇಲೆ ಮುಖ ಊದಿತು. ಆಸ್ಪತ್ರೆಯಲ್ಲಿ ಎರಡೂ ಕಿಡ್ನಿ ಹೋಗಿವೆ ಎಂದರು.

ಅಲ್ಲಿಂದ ವಾರಕ್ಕೆರಡು ಸಲ ಚಾಮರಾಜನಗರಕ್ಕೆ ಡಯಾಲಿಸಿಸ್‌ಗೆ ಹೋಗುವ ಬಾಳು ಶುರುವಾಯಿತು. ಬೆಳಿಗ್ಗೆ ಹೊರಟರೆ ಸಂಜೆಗೆ ಮನೆ. ನಾವು ಮೂವರೂ ಹೋಗುತ್ತಿದ್ದೆವು. ಅತ್ತೆಯನ್ನು ಮನೆಯಲ್ಲಿರಿ ಎಂದರೆ ಕೇಳುತ್ತಿರಲಿಲ್ಲ. ತಮ್ಮ ಕಿಡ್ನಿ ಕೊಡುತ್ತೇನೆಂದು ಡಾಕ್ಟರ ಮುಂದೆ ನಿಂತರು. ವಯಸ್ಸು, ಬಿಪಿ ಎಂದು ಡಾಕ್ಟರು ಆಗದು ಎಂದಾಗ, "ನಂದು ಅಳೇದು, ಆದ್ರೆ ಗಟ್ಟಿ ಅದೆ ಸ್ವಾಮಿ" ಎಂದು ವಾದ ಮಾಡಿದರು. ನನ್ನ ರಕ್ತದ ಗುಂಪೂ ಕೂಡಿ ಬರಲಿಲ್ಲ. ಅವತ್ತು ವಾಪಸು ಬರುವಾಗ ಬಸ್ಸಿನ ಕಿಟಕಿಯ ಆಚೆ ನೋಡಿಕೊಂಡು ಅವರು ಒಂದೇ ಮಾತು ಆಡಿದ್ದು: "ಕೊಡಕ್ಕೂ ಬುಡ್ನಿಲ್ವಲ್ಲಪ್ಪ ನೀನು."

ಸಿದ್ದರಾಜು ಮಾತ್ರ ನಗೆಚಾಟಿಕೆ ಬಿಡಲಿಲ್ಲ. "ಅವ್ವಾ, ತಾತನ ಫೋನ್ ನಂಬರ್ ಕೊಡು. ನಿಂಗೆ ಕೇಳಕ್ಕೆ ಬರಲ್ಲ, ನಾನೇ ಕೇಳ್ತೀನಿ."

"ನೀನು ಕೇಳಿದ್ರೆ ಕೊಡಲ್ಲ ಕಣ್ಲಾ. ಇಷ್ಟ್ ದಿನ ಒಂದಪಾನಾದ್ರೂ ಮಾತಾಡ್ಸಿದ್ದೀಯಾ ಅವ್ನ?"

"ಬಿಜಿ ಇದ್ದೆ."

"ಅವ್ನೂ ಬಿಜಿ ಅವ್ನೆ ಬುಡು."

ಆ ದಾರಿಯಲ್ಲಿ ನನ್ನ ತವರು ಉಡಿಗಾಲ ಸಿಗುತ್ತಿತ್ತು. ಬಸ್ಸು ಅಲ್ಲಿ ನಿಂತಾಗಲೆಲ್ಲ ನಮ್ಮಪ್ಪ ಕಾದು ನಿಂತಿರುತ್ತಿದ್ದರು. ಮಾತು ಕಡಿಮೆಯ ಮನುಷ್ಯ. ಎಳನೀರೊಂದನ್ನು ಕೆತ್ತಿ ಸಿದ್ಧಮಾಡಿಟ್ಟುಕೊಂಡು, ಕಿಟಕಿಯಲ್ಲಿ ಅಳಿಯನ ಕೈಗೆ ಕೊಟ್ಟು, "ಕುಡೀರಿ, ತಂಪು" ಎಂದಷ್ಟೇ ಹೇಳಿ ಹಿಂದಕ್ಕೆ ಸರಿಯುತ್ತಿದ್ದರು. ಆ ಕಾಯಿಲೆಯವರು ಎಳನೀರನ್ನು ಬಾಯಿಗೂ ಸೋಕಿಸಬಾರದೆಂದು ಆಸ್ಪತ್ರೆಯಲ್ಲಿ ಮೊದಲ ದಿನವೇ ಹೇಳಿದ್ದರು. ನಮ್ಮಪ್ಪನಿಗೆ ಅದು ಗೊತ್ತಿಲ್ಲ. ಅಳಿಯನಿಗೆ ಅವರು ಮಾಡಬಹುದಾಗಿದ್ದ ಏಕೈಕ ಕೆಲಸ ಅದು. ನಾನು ಹೇಳಿಬಿಡುತ್ತೇನೆ ಎಂದಾಗ ಸಿದ್ದರಾಜು ಬೇಡವೆಂದರು. "ಸುಮ್ನಿರಮ್ಮಿ. ಆವಯ್ಯ ಬಿಸ್ಲಲ್ಲಿ ನಿಂತಿರ್ತಾರೆ." ಎಳನೀರನ್ನು ತೊಡೆಯ ಮೇಲೆ ಜೋಪಾನವಾಗಿ ಇಟ್ಟುಕೊಂಡು ಹೋಗಿ, ಆಸ್ಪತ್ರೆಯ ಬಾಗಿಲಲ್ಲಿ ಕೂತ ಯಾರಿಗಾದರೂ ಕೊಡುತ್ತಿದ್ದರು. ಮುಂದಿನ ಸಲ ನಮ್ಮಪ್ಪ "ಚೆನ್ನಾಗಿತ್ತಾ?" ಎಂದರೆ "ಸಕ್ಕರೆ ಇದ್ದಂಗಿತ್ತು ಮಾವ" ಎನ್ನುತ್ತಿದ್ದರು.

ಸಿದ್ದರಾಜು ಹೋದ ದಿನ ಬೆಳಿಗ್ಗೆ ಅವರ ಮೈ ಬಹಳ ಸೋತಿತ್ತು. ಅತ್ತೆ ಪಟದ ಮುಂದೆ ನಿಂತು, "ಇವತ್ತು ನೀನೂ ಜೊತೇಲಿ ಬಾ. ನಾವಿಬ್ರು ಎಂಗಸ್ರ ಕೈಲಿ ಆಗಲ್ಲ" ಅಂದರು. ಬೈಗುಳವಿಲ್ಲದೆ ಅವರು ಅವನನ್ನು ಏನಾದರೂ ಕೇಳಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಬಸ್ಸಿನಲ್ಲಿ ತಾಯಿ ಮಗ ಒಂದು ಸೀಟಿನಲ್ಲಿ, ನಾನು ಅವರ ಹಿಂದೆ. ತೆರಕಣಾಂಬಿ ದಾಟಿದ ಮೇಲೆ ಅವರ ತಲೆ ತಾಯಿಯ ಹೆಗಲಿಗೆ ವಾಲಿತು. ನಿದ್ದೆ ಎಂದುಕೊಂಡೆ.

ಉಡಿಗಾಲದಲ್ಲಿ ಬಸ್ಸು ನಿಂತಿತು. ನಮ್ಮಪ್ಪ ಎಂದಿನಂತೆ ಕಿಟಕಿಗೆ ಎಳನೀರು ಹಿಡಿದರು. ಆ ಕಡೆಯಿಂದ ಕೈ ಬರಲಿಲ್ಲ. ನಮ್ಮಪ್ಪ ಹಿಡಿದುಕೊಂಡೇ ನಿಂತರು. ಅತ್ತೆ ಮಗನ ತಲೆ ಅಲುಗದಂತೆ ಒಂದು ಕೈ ಚಾಚಿ ಎಳನೀರನ್ನು ತೆಗೆದುಕೊಂಡು, "ಬೀಗ್ರೇ, ಬಸ್ ಅತ್ಕಳಿ. ನಿಮ್ಮಳಿಯ ಓದ" ಅಂದರು.

ಯಾವಾಗ ತಿಳಿಯಿತೋ ಅವರಿಗೆ, ನನಗೆ ಗೊತ್ತಿಲ್ಲ. ಬಸ್ಸಿನವರು ಎಲ್ಲೂ ನಿಲ್ಲಿಸದೆ ಆಸ್ಪತ್ರೆಯವರೆಗೂ ಓಡಿಸಿದರು. ಇಳಿಯಬೇಕಾದವರು ಯಾರೂ ಇಳಿಯುತ್ತೇವೆ ಎನ್ನಲಿಲ್ಲ.

ತಿಥಿ ಮುಗಿದ ದಿನ ನಮ್ಮಪ್ಪ ನನ್ನನ್ನು ಕರೆದುಕೊಂಡು ಹೋಗಲು ನಿಂತರು.

"ಬಾರವ್ವ, ಊರಿಗೆ ಓಗನ."

"ಕರ್ಕಂಡೋಗಿ ಬೀಗ್ರೇ," ಅಂದರು ಅತ್ತೆ. "ಇನ್ನ ಇಲ್ಲೇನದೆ ಅವ್ಳಿಗೆ? ನಾನು ಎಂಗೋ ಒಂದು ಮುದ್ದೆ ಬೇಯಿಸ್ಕೋತೀನಿ."

ನಾನು ಹೋಗಲಿಲ್ಲ. ಯಾಕೆ ಎಂದು ಆಗ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಸಿದ್ದರಾಜು ಹೇಗೆ ನಗುತ್ತಿದ್ದರು ಎಂದು ಹೇಳದೆಯೇ ಗೊತ್ತಿದ್ದವರು ಅತ್ತೆ ಒಬ್ಬರೇ. ಅದಕ್ಕಿರಬೇಕು.

ನಮ್ಮಪ್ಪ ಬಸ್ಸಿಗೆ ಹೋದ ಮೇಲೆ ಅತ್ತೆ ಜಗಲಿಯ ಮೇಲೆ ಕೂತು, ರಸ್ತೆಯ ಕಡೆ ನೋಡುತ್ತಾ ಹೇಳಿದರು: "ನಿಮ್ಮಪ್ಪ ಬಂದು ನಿಂತಿದ್ರು ನೋಡು ಅವತ್ತು. ನಮ್ಮಪ್ಪನ್ನ ನಾನು ಬಾ ಅಂತ ಕರ್ದಿದ್ದೆ. ಬರ್ನಿಲ್ಲ ಕಣಮ್ಮಿ."

ಅಂದಿನಿಂದ ಅವರು ಅವನ ಜೊತೆ ಮಾತು ಬಿಟ್ಟರು.

ಪಟವನ್ನು ತೆಗೆಯಲಿಲ್ಲ, ತಿರುಗಿಸಲಿಲ್ಲ. ಸೋಮವಾರದ ಎಡೆ ಒಂದು ವಾರವೂ ತಪ್ಪಲಿಲ್ಲ. ಸೂತಕ ಕಳೆದ ಮೊದಲ ಸೋಮವಾರವೇ ಅವರು ಸ್ನಾನ ಮಾಡಿ ಅನ್ನಕ್ಕೆ ಇಟ್ಟಾಗ ನನಗೆ ಆಶ್ಚರ್ಯವಾಯಿತು. ಹಾಲು, ಬೆಲ್ಲ, ಬಾಳೆ ಎಲೆ, ಎಲ್ಲ ಮೊದಲಿನಂತೆ. ಎಡೆ ಇಟ್ಟು, ಮುಖ ಎತ್ತದೆ ಪಕ್ಕಕ್ಕೆ ತಿರುಗಿ ಕೂತರು. ಅವನು ಉಂಡು ಮುಗಿಸುವಷ್ಟು ಹೊತ್ತು ಕೂತು, ಎಲೆ ತೆಗೆದರು. ಒಂದು ಮಾತಿಲ್ಲ. ಹಸಿ ಸೌದೆ ಹೊಗೆಯಾಡಿದಾಗಲೂ ಕಣ್ಣು ಒರೆಸಿಕೊಂಡು ಸುಮ್ಮನೆ ಊದಿದರು.

"ಮಾತಿಲ್ಲದ ಮೇಲೆ ಎಡೆ ಯಾಕತ್ತೆ?" ಎಂದು ಒಮ್ಮೆ ಕೇಳಿಬಿಟ್ಟೆ.

"ಅಪ್ಪನ ಜೊತೆ ಮಾತು ಬುಡಬೋದು ಕಣಮ್ಮಿ. ಉಪಾಸ ಕೆಡವಕ್ಕಾದದಾ?"

ಮಾದಪ್ಪನ ವಿಚಾರವನ್ನು ನಾನು ಅದುವರೆಗೆ ಆಳವಾಗಿ ಯೋಚಿಸಿದವಳಲ್ಲ. ಅವನು ಅತ್ತೆಯ ಅಪ್ಪ, ಅಷ್ಟೇ. ಆದರೆ ಆ ಬೈಗುಳ ನಿಂತ ಮೇಲೆ ಮನೆ ಹೇಗಾಯಿತೆಂದರೆ, ಸಿದ್ದರಾಜು ಒಬ್ಬರೇ ಅಲ್ಲ, ಇನ್ನೂ ಯಾರೋ ಹಿರಿಯರು ಸತ್ತ ಮನೆಯ ಹಾಗಾಯಿತು. ನಾನು ಹೊಲಿಗೆ ಮೆಷೀನಿನ ಮುಂದೆ ಕೂತು ದಾರ ಪೋಣಿಸಲಾರದೆ ಮಧ್ಯಾಹ್ನಗಳನ್ನು ಕಳೆಯುತ್ತಿದ್ದೆ. ಅತ್ತೆ ತೆಳ್ಳಗಾಗುತ್ತಿದ್ದರು. ಉಣ್ಣುವುದು ಎರಡು ತುತ್ತು. ಬಿಪಿ ಮಾತ್ರೆ ನುಂಗಿ ಎಂದರೆ "ಯಾರಿಗ್ ಬೇಕಾಗದೆ" ಎನ್ನುವರು. ಬಾಳಿನಲ್ಲಿ ಅವರಿಗೆ ಏನೇ ಬಂದರೂ ಎದುರಿಸಿದ್ದು ಅವನ ಜೊತೆ ಜಗಳವಾಡಿಕೊಂಡೇ. ಆ ಬಲ ಈಗ ಇರಲಿಲ್ಲ. ಹೀಗೆಯೇ ಮಾತಿಲ್ಲದೆ ಇವರು ಹೋಗಿಬಿಟ್ಟರೆ, ಕಂಬದ ಹತ್ತಿರ ನಿಂತ ಆ ಹುಡುಗಿಯಾಗಿಯೇ, ಅಪ್ಪನಿಲ್ಲದವರಾಗಿಯೇ ಹೋಗುತ್ತಾರೆ ಎಂಬ ಭಯ ನನಗೆ ಹತ್ತಿತು. ಗಂಡನನ್ನು ಉಳಿಸಿಕೊಳ್ಳಲಾಗಲಿಲ್ಲ. ಇದೊಂದನ್ನಾದರೂ ನೋಡಬೇಕು ಅನ್ನಿಸಿತು. ಅವರ ಜೊತೆ ನಾನೂ ಹೂವು ಕೀಳಲು ಹೋಗತೊಡಗಿದೆ.

ಹೊಲದಲ್ಲಿ ಪಕ್ಕದ ಸಾಲಿನ ಕೆಂಪಮ್ಮನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. "ಏನಕ್ಕ, ನಿಮ್ಮಪ್ಪನ ಜೊತೆ ರಾಜಿ ಆಯ್ತಾ ಇಲ್ವಾ? ಪಂಚಾಯ್ತಿ ಸೇರ್ಸನಾ?"

"ನಮ್ಮನೆ ಇಸ್ಯ ನಿಂಗ್ಯಾಕಮ್ಮಿ? ನೀನು ಮೊಗ್ಗು ಕೀಳ್ತಾ ಇದೀಯೆ, ಮೊದ್ಲು ಅದ ನೋಡ್ಕೊ."

"ಅಲ್ಲಕ್ಕ, ದ್ಯಾವ್ರ ಮ್ಯಾಲೆ ಮುನಿಸ್ಕೊಂಡ್ರೆ ಒಳ್ಳೇದಾದದಾ?"

"ದ್ಯಾವ್ರ ಮ್ಯಾಲೆ ಯಾರು ಮುನಿಸ್ಕೊಂಡ್ರು?" ಅಂದರು ಅತ್ತೆ. "ದ್ಯಾವ್ರಾಗಿದ್ರೆ ಅತ್ಲಾಗೆ ತಳ್ಳಿ ಸುಮ್ನಾಯ್ತಿದ್ದೆ."



ಮಳೆಗಾಲ ಮುಗಿಯುತ್ತಾ ಬಂದಿದ್ದ ಕಾಲ ಅದು. ಒಂದು ದಿನ ಮಧ್ಯಾಹ್ನ, ಬುತ್ತಿ ಉಂಡು, ಹೊಲದ ಬದುವಿನ ಹೊಂಗೆ ಮರದ ಕೆಳಗೆ ಕೂತಿದ್ದೆವು. ಗೋಪಾಲಸ್ವಾಮಿ ಬೆಟ್ಟದ ನೆತ್ತಿಯ ಮೇಲೆ ಮೋಡ ಕೂತಿತ್ತು. ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಇದ್ದಕ್ಕಿದ್ದಂತೆ ಕೇಳಿದರು.

"ನಿಮ್ಮಪ್ಪಂಗೆ ಈಗ್ಲಾದ್ರೂ ಏಳ್ದಾ, ಎಳ್ನೀರು ಕುಡೀಬಾರ್ದಿತ್ತು ಅಂತ?"

"ಇಲ್ಲ ಅತ್ತೆ. ಯಾಕೆ ಹೇಳ್ಲಿ?"

"ಏಳ್ಬ್ಯಾಡ." ಎಲೆ ಮಡಿಸಿ ಬಾಯಿಗಿಟ್ಟರು. "ಆವಯ್ಯನ ಕೈಲಿ ಏನೂ ಆಯ್ತಿರ್ನಿಲ್ಲ. ತಂದಿದ್ದೂ ಪ್ರಯೋಜನಕ್ಕೆ ಬರ್ನಿಲ್ಲ. ಆದ್ರೂ ಬಂದು ನಿಂತ್ಕೊತಿದ್ರು. ಸಿದ್ದ ಅವ್ರ ಮಕ ನೋಡಕ್ಕೇ ಕಿಟ್ಕಿ ತಾವ ಕೂತ್ಕೊತಿದ್ದ, ಗೊತ್ತಾ ನಿಂಗೆ?"

ನನಗೆ ಗೊತ್ತಿರಲಿಲ್ಲ.

"ಅಪ್ಪದೀರು ಅಂದ್ರೆ ಅಷ್ಟೇಯೇನೋ ಕಣಮ್ಮಿ. ಎಲ್ಲಾನೂ ತಡೀತಾರೆ ಅಂದ್ಕೊಂಡಿದ್ದೆ ನಾನು. ಅಪ್ಪನ್ನ ಕಂಡೋಳಲ್ವಲ್ಲ, ನಂಗೆಂಗೆ ಗೊತ್ತಾದದು? ನಮ್ಮಪ್ಪನೂ ಅವತ್ತು ಅಂಗೇ ಎಲ್ಲೋ ನಿಂತಿದ್ನೇನೋ. ನಾನು ಸಿದ್ದನ್ನೇ ನೋಡ್ತಾ ಇದ್ದೆ. ಅತ್ಲಾಗೆ ತಿರುಗ್ನಿಲ್ವೇನೋ."

"ಹಾಗಾದ್ರೆ ಮಾತಾಡಿ ಅತ್ತೆ. ಇವತ್ತೇ ಮನೆಗೆ ಹೋಗಿ ಮಾತಾಡಿ."

"ಪಟದ ತಾವ ಆಗಲ್ಲ. ಬೆಟ್ಟಕ್ಕೇ ಓಯ್ತೀನಿ. ಎದ್ರಿಗೆ ಕೂತು, ಅವತ್ತು ಏನೇನಾಯ್ತು ಎಲ್ಲಾನೂ ಏಳ್ತೀನಿ. ಅವ್ನಿಗೆ ನಾನಲ್ದೆ ಇನ್ಯಾರು ಏಳ್ತಾರೆ? ಈ ಊವು ಒಂದು ಮುಗೀಲಿ. ನೀನೂ ಬಾ."

"ಬರ್ತೀನಿ."

"ಬಂದು ನೀನು ಅಳ್ತಾ ಕೂತ್ಕೊಬ್ಯಾಡ ಅಷ್ಟೇಯ."

ಆ ಸಂಜೆ ಅವರು ಮುದ್ದೆ ಪೂರ್ತಿ ಉಂಡರು. ಪೆಟ್ಟಿಗೆಯಿಂದ ಬೆಟ್ಟಕ್ಕೆ ಉಡುವ ಸೀರೆ ತೆಗೆದು ಬಿಸಿಲಿಗೆ ಹಾಕಬೇಕು ಎಂದರು.

ಹೂವು ಮುಗಿಯುವ ಮೊದಲೇ ಅವರು ಹೊಲದಲ್ಲಿ ಬಿದ್ದರು. ಬೆಳಗಿನ ಇಬ್ಬನಿ ಇನ್ನೂ ಆರಿರಲಿಲ್ಲ. ಮಡಿಲು ತುಂಬಾ ಹೂವು ಕಿತ್ತು, ಚೀಲಕ್ಕೆ ಸುರಿಯಲು ಬಗ್ಗಿದವರು ಹಾಗೆಯೇ ಪಕ್ಕಕ್ಕೆ ಕುಸಿದರು. ನಾನು ಎತ್ತಿಕೊಂಡಾಗ ಬಾಯಿ ಒಂದು ಕಡೆಗೆ ಜಾರಿತ್ತು. ಹೂವಿನ ಚೀಲ ಸಾಗಿಸುವ ಗಾಡಿಯಲ್ಲೇ ಮಲಗಿಸಿಕೊಂಡು ಗುಂಡ್ಲುಪೇಟೆಗೆ, ಅಲ್ಲಿಂದ ಆಂಬುಲೆನ್ಸಿನಲ್ಲಿ ಚಾಮರಾಜನಗರಕ್ಕೆ ಹೋದೆವು. ತಲೆಯಲ್ಲಿ ರಕ್ತ ಹೆಪ್ಪುಗಟ್ಟಿದೆ, ಬಲಭಾಗ ಸ್ವಾಧೀನವಿಲ್ಲ ಎಂದರು. ಮಾತು ಹೋಗಿತ್ತು.

ಪ್ರಜ್ಞೆ ಬಂದಾಗ ಅವರು ನನ್ನನ್ನು ಗುರುತಿಸಿದರು. ಬಾಯಿ ತೆರೆದರು. ಬಂದದ್ದು ಉಸಿರು ಮಾತ್ರ. ಮತ್ತೆ ಪ್ರಯತ್ನಿಸಿದರು. ಆಗ ಅವರ ಕಣ್ಣಲ್ಲಿ ಕಂಡ ಹೆದರಿಕೆಯನ್ನು, ಮಗ ಹೋದ ದಿನವೂ ನಾನು ಕಂಡಿರಲಿಲ್ಲ. ಯಾಕೆ ಎಂದು ನನಗೆ ತಿಳಿಯಿತು. ಹೇಳಬೇಕಾದ್ದನ್ನೆಲ್ಲ ಒಳಗೆ ಇಟ್ಟುಕೊಂಡು ಬೆಟ್ಟದವರೆಗೆ ಕಾದಿದ್ದರು. ಈಗ ಬೆಟ್ಟವೂ ಇಲ್ಲ, ಬಾಯಿಯೂ ಇಲ್ಲ.

ಇನ್ನು ಇಲ್ಲಿ ಮಾಡುವುದೇನಿಲ್ಲ, ಮನೆಯಲ್ಲಿ ನೋಡಿಕೊಳ್ಳಿ ಎಂದು ಕಳಿಸಿದರು. ನಮ್ಮಪ್ಪ ಬಂದು ಜೊತೆಗಿದ್ದರು. ಅಡುಗೆ ಮನೆಯಲ್ಲೇ ಚಾಪೆ ಹಾಸಿ ಮಲಗಿಸಿ ಎಂದು ಅತ್ತೆ ಎಡಗೈಯಲ್ಲಿ ತೋರಿಸಿದರು. ಪಟ ಕಾಣುವಂತೆ ಮಲಗಿಸಿದೆವು. ಆದರೆ ಅನ್ನದ ಗಂಜಿಯನ್ನು ಬಾಯಿ ಹತ್ತಿರ ತಂದರೆ ತುಟಿ ಬಿಗಿದುಕೊಂಡರು. ನೀರು ಮಾತ್ರ. ಮಾರನೆಯ ದಿನವೂ ಹಾಗೆಯೇ. "ಬುಟ್ಬುಡವ್ವ, ಜೀವಕ್ಕೆ ಬ್ಯಾಡ್ವಾಗದೆ" ಎಂದರು ನಮ್ಮಪ್ಪ, ಹೊರಗೆ ಹೋಗಿ ಜಗಲಿಯ ಮೇಲೆ ಕೂತರು.

ಸೋಮವಾರ ಬಂತು. ನಾನು ಸ್ನಾನ ಮಾಡಿ ಅನ್ನ ಮಾಡಿ, ಅವರು ಮಾಡುತ್ತಿದ್ದ ಹಾಗೆ ಹಾಲು ಬೆಲ್ಲ ಹಾಕಿ ಎಡೆ ಇಟ್ಟು ಎದ್ದೆ. ಅವರು ನನ್ನ ಸೆರಗು ಹಿಡಿದು ಎಳೆದರು. ಕೂತೆ. ಎಡಗೈ ಎತ್ತಿ ಪಟ ತೋರಿಸಿದರು, ಆಮೇಲೆ ನನ್ನ ಬಾಯಿ.

"ನಾನು ಮಾತಾಡ್ಬೇಕಾ ಅತ್ತೆ?"

ಕಣ್ಣು ಮುಚ್ಚಿ ತೆರೆದರು.

ನನಗೆ ದೇವರ ಜೊತೆ ಮಾತಾಡಿ ಗೊತ್ತಿಲ್ಲ. ಕೈ ಮುಗಿದು, "ಸ್ವಾಮಿ, ಅತ್ತೆ ಕೋಪದಲ್ಲಿ ಮಾತು ಬಿಟ್ರು, ತಪ್ಪಾಯ್ತು, ಕ್ಷಮಿಸ್ಬುಡಪ್ಪ" ಎಂದೆ. ಅವರ ಎಡಗೈ ನೆಲವನ್ನು ಬಡಿಯಿತು. ಅಲ್ಲ. "ಅತ್ತೇನ ಹುಷಾರು ಮಾಡಪ್ಪ, ಬೆಟ್ಟಕ್ಕೆ ಕರ್ಕೊಂಡು ಬರ್ತೀನಿ" ಎಂದೆ. ಮತ್ತೆ ಬಡಿದರು, ಜೋರಾಗಿ. ಅದೂ ಅಲ್ಲ. ಏನು ಬೇಕು ಇವರಿಗೆ ಎಂದು ನನಗೆ ಅಳು ಬಂತು. ಹೊಂಗೆ ಮರದ ಕೆಳಗೆ ಅವರು ಹೇಳಿದ್ದು ಆಗ ತಲೆಗೆ ಹೊಳೆಯಿತು. ಕ್ಷಮೆ ಕೇಳುವುದಲ್ಲ, ವರ ಬೇಡುವುದಲ್ಲ. ಅವನಿಗೆ ಸುದ್ದಿ ಹೇಳಬೇಕಾಗಿತ್ತು.

ಮುಗಿದ ಕೈ ಬಿಟ್ಟು, ಸರಿಯಾಗಿ ಕೂತೆ.

"ಅವತ್ತು ಬೆಳಿಗ್ಗೆ ಅವ್ರಿಗೆ ಮೈ ಹುಷಾರಿರ್ಲಿಲ್ಲ," ಎಂದು ಶುರು ಮಾಡಿದೆ. "ಬಸ್ಸಲ್ಲಿ ಅತ್ತೆ ಪಕ್ಕ ಕೂತಿದ್ರು. ತೆರಕಣಾಂಬಿಲಿ ಜನ ಹತ್ತಿದ್ರು, ಯಾರೋ ಸೀಟು ಕೇಳಿದ್ರು, ಅತ್ತೆ ಬೈದು ಕಳ್ಸಿದ್ರು. ಆಮೇಲೆ ಅವ್ರು, 'ಅವ್ವಾ, ಉಡಿಗಾಲ ಬಂತಾ?' ಅಂದ್ರು. 'ಬತ್ತದೆ ಮಗ, ಮನಿಕೊ' ಅಂದ್ರು ಅತ್ತೆ. ಅದೇ ಕೊನೇ ಮಾತು. ನಂಗೆ ಹಿಂದಿನ ಸೀಟಲ್ಲಿ ಕೇಳಿಸ್ತು. ಅತ್ತೆ ಅವ್ರ ತಲೆ ಸವರ್ತಾ ಇದ್ರು. ಬಸ್ಸು ನಿಂತ್ಕಡೆಯೆಲ್ಲ ಬಾಗ್ಲ ಕಡೆ ನೋಡ್ತಾ ಇದ್ರು. ನಿನ್ನೇ ಕಾಯ್ತಾ ಇದ್ರು ಅಂತ ನಂಗೆ ಆಮೇಲೆ ಗೊತ್ತಾಯ್ತು. ನೀನು ಬಂದಿದ್ಯೋ ಇಲ್ವೋ ನಂಗೊತ್ತಿಲ್ಲ ಅಪ್ಪಾ. ಬಂದಿದ್ರೆ, ಹೆಂಗಾಯ್ತು ಅಂತ ನೀನೇ ನೋಡಿರ್ತೀಯೆ. ಬಂದಿಲ್ದಿದ್ರೆ ಹಿಂಗಾಯ್ತು, ಕೇಳಿಸ್ಕೊ."

ಆಸ್ಪತ್ರೆ, ಮಣ್ಣು, ತಿಥಿ, ಅತ್ತೆ ಮಾತ್ರೆ ನುಂಗದೆ ಇದ್ದದ್ದು, ರಾತ್ರಿ ಮಗನ ಅಂಗಿಯನ್ನು ತಲೆದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಿದ್ದದ್ದು, ನಾನು ದಾರ ಪೋಣಿಸಲಾರದೆ ಕೂತದ್ದು, ಎಲ್ಲವನ್ನೂ ಹೇಳಿದೆ. ಎಷ್ಟು ಹೊತ್ತು ಹೇಳಿದೆನೋ. ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ, ಮಣ್ಣಿನ ದಿನ ಬಾರದಿದ್ದ ಅಳು ಅವತ್ತು ಬಂತು. ನೆಲ ಬಡಿಯುತ್ತಿದ್ದ ಕೈ ಯಾವಾಗಲೋ ನಿಂತು ನನ್ನ ಮಂಡಿಯ ಮೇಲೆ ಇತ್ತು.

ಎಡೆಯ ಎಲೆ ತೆಗೆಯಲು ಹೋದಾಗ ಅತ್ತೆ ಬಾಯಿ ತೆರೆದರು. ಏನೋ ಹೇಳಲು ಹೊರಟಿದ್ದಾರೆ ಎಂದುಕೊಂಡೆ. ಮುಚ್ಚಲಿಲ್ಲ. ತೆರೆದುಕೊಂಡೇ ಕಾದರು. ಎಡೆಯ ಹಾಲನ್ನವನ್ನು ಹಿಸುಕಿ ಸ್ವಲ್ಪ ಸ್ವಲ್ಪವಾಗಿ ಬಾಯಿಗಿಟ್ಟೆ. ಅರ್ಧ ಒಂದು ಕಡೆಯಿಂದ ಸೋರಿತು. ಉಳಿದದ್ದನ್ನು ನುಂಗಿದರು. ನುಂಗುವಾಗ ಪಟದ ಕಡೆಗೇ ನೋಡುತ್ತಿದ್ದರು. ಮುಖ ತಿರುಗಿಸಿರಲಿಲ್ಲ.

ಅದೇ ವಾರ, ಒಂದು ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದಾಗ ಅವರು ಹೋದರು. ಸದ್ದಿರಲಿಲ್ಲ. ಬೆಟ್ಟಕ್ಕೆಂದು ತೆಗೆದಿಟ್ಟಿದ್ದ ಸೀರೆಯನ್ನೇ ಉಡಿಸಿದೆವು.

ಕೆಲಸವೆಲ್ಲ ಮುಗಿದು ಬಂದವರು ಬಂದ ದಾರಿ ಹಿಡಿದರು. ನಮ್ಮಪ್ಪ ಮತ್ತೆ "ಊರಿಗೆ ಓಗನ" ಎಂದರು. ಬರುತ್ತೇನೆ, ಆದರೆ ಸೋಮವಾರ ಕಳೆಯಲಿ ಎಂದೆ. ಆ ಸೋಮವಾರ ಮನೆಯಲ್ಲಿ ನಾನೊಬ್ಬಳೇ. ಬೆಲ್ಲ ಮುಗಿದಿತ್ತು. ಬರೀ ಹಾಲನ್ನವನ್ನೇ ಎಲೆಯ ಮೇಲೆ ಇಟ್ಟು ಪಟದ ಮುಂದೆ ಕೂತೆ. ಅವನ ಮಗಳು ತೀರಿಹೋದ ಸುದ್ದಿಯನ್ನು ಯಾರಾದರೂ ಅವನಿಗೆ ಹೇಳಬೇಕಾಗಿತ್ತು. ಹೇಳಿದೆ.